ಅತ್ತೆಯ ಲ್ಯಾಪ್‌ಟಾಪ್ ಮತ್ತು ಎಫ್ ಕೀಲಿ

ಹನುಮಂತನಗರದಲ್ಲಿರುವ ನನ್ನ ಸೋದರತ್ತೆ ಪ್ರೌಢಶಾಲೆಯ ಕನ್ನಡ ಅಧ್ಯಾಪಕಿಯಾಗಿ 2013ರಲ್ಲಿ ನಿವೃತ್ತರಾದರು. ನಿವೃತ್ತಿಯ ಹಣ ಕೈಗೆ ಬಂದಾಗ ಅವರು ತಮಗೆಂದು ಕೊಂಡದ್ದು ಒಂದೇ ವಸ್ತು, ಒಂದು ಲ್ಯಾಪ್‌ಟಾಪ್. ತುಮಕೂರು ಜಿಲ್ಲೆಯ ತಮ್ಮ ತವರೂರಿನಲ್ಲಿ ಅಜ್ಜಿ, ದೊಡ್ಡಮ್ಮಂದಿರು ಮತ್ತು ನೆರೆಯ ಹೆಂಗಸರು ಹಾಡುತ್ತಿದ್ದ ಬೀಸುವ ಪದ, ಸೋಬಾನೆ, ಹಸೆಗೆ ಕರೆಯುವ ಹಾಡು, ಹೆಣ್ಣೊಪ್ಪಿಸುವ ಹಾಡುಗಳನ್ನು ಅವರು ಕಾಲೇಜಿನ ದಿನಗಳಿಂದಲೂ ನೋಟ್‌ಬುಕ್ಕುಗಳಲ್ಲಿ ಬರೆದಿಟ್ಟುಕೊಂಡಿದ್ದರು. ಅವನ್ನೆಲ್ಲ ಟೈಪ್ ಮಾಡಿ, ಅರ್ಥ ಮತ್ತು ಸಂದರ್ಭದ ಟಿಪ್ಪಣಿ ಸೇರಿಸಿ, ಒಂದು ಪುಸ್ತಕವಾಗಿ ತರಬೇಕೆಂಬುದು ಅವರ ಆಸೆ. ಹನ್ನೆರಡು ವರ್ಷಗಳಲ್ಲಿ 380 ಪುಟಗಳಾಗಿದ್ದವು. ಮನೆಗೆಲಸ, ಮಾವನವರ ಕಾಯಿಲೆ, ಮೊಮ್ಮಕ್ಕಳ ಆರೈಕೆ ಇವುಗಳ ನಡುವೆ ಒಬ್ಬ ಹೆಂಗಸು ದಿನಕ್ಕೊಂದಿಷ್ಟು ಎಂದು ಕೂಡಿಸಿದ ಪುಟಗಳು ಅವು ಎಂಬುದನ್ನು ನೆನೆದರೆ, ಆ ಸಂಖ್ಯೆ ನನಗೆ ಇನ್ನೂ ದೊಡ್ಡದಾಗಿ ಕಾಣುತ್ತದೆ.

ಕಳೆದ ವರ್ಷ ಅಕ್ಟೋಬರಿನಲ್ಲಿ ಅವರು ಫೋನ್ ಮಾಡಿದರು. "ಈ ಕಂಪ್ಯೂಟರಿಗೆ ಇನ್ನು ಮೇಲೆ ಭದ್ರತೆ ಇಲ್ಲ ಅಂತ ಏನೋ ಬರ್ತಿದೆ ಕಣೋ. ನನ್ನ ಹಾಡುಗಳಿಗೆ ಏನಾದರೂ ಆಗುತ್ತಾ?" ಎಂದು ಕೇಳಿದರು. ಏನೂ ಆಗುವುದಿಲ್ಲ, ಭಾನುವಾರ ಬಂದು ನೋಡುತ್ತೇನೆ ಎಂದು ಹೇಳಿದೆ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ನೀಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಕೊನೆಗೊಂಡಿತ್ತು. ವಿಂಡೋಸ್ 11ಕ್ಕೆ ಏರೋಣವೆಂದರೆ ಅದಕ್ಕೆ ಟಿಪಿಎಂ 2.0 ಎಂಬ ಭದ್ರತಾ ಭಾಗ ಬೇಕು, ಇಂಟೆಲ್ ಪ್ರೊಸೆಸರ್ ಆದರೆ ಬಹುಪಾಲು ಎಂಟನೇ ತಲೆಮಾರಿನದು ಅಥವಾ ಅದಕ್ಕಿಂತ ಹೊಸದು ಬೇಕು. ಅತ್ತೆಯ ಲ್ಯಾಪ್‌ಟಾಪಿನಲ್ಲಿರುವುದು ಮೂರನೇ ತಲೆಮಾರಿನ ಐ3. ಹೆಚ್ಚುವರಿ ಭದ್ರತಾ ಅಪ್‌ಡೇಟುಗಳಿಗೆ ಹೆಸರು ನೋಂದಾಯಿಸಿಕೊಂಡು ಇನ್ನೊಂದು ವರ್ಷ ತಳ್ಳುವ ದಾರಿಯೊಂದಿತ್ತು. ಆದರೆ ಅದು ಪ್ರಶ್ನೆಯನ್ನು ಮುಂದಕ್ಕೆ ಹಾಕುತ್ತಿತ್ತೇ ಹೊರತು ಯಂತ್ರದ ನಿಧಾನಗತಿಗೆ ಮದ್ದಾಗುತ್ತಿರಲಿಲ್ಲ. ಗುಂಡಿ ಒತ್ತಿ, ಅಡುಗೆಮನೆಗೆ ಹೋಗಿ, ಕಾಫಿ ಬೆರೆಸಿಕೊಂಡು ಬಂದು ಕೂರುವಷ್ಟು ಹೊತ್ತಾದ ಮೇಲೆ ಅದು ಕೆಲಸಕ್ಕೆ ಸಿದ್ಧವಾಗುತ್ತಿತ್ತು. ಅತ್ತೆ ಅದನ್ನೊಂದು ತೊಂದರೆಯೆಂದು ಎಂದೂ ಹೇಳಿರಲಿಲ್ಲ.

ಯಂತ್ರವನ್ನು ಮಗುಚಿ ಮೊಳೆ ಬಿಚ್ಚಿ ನೋಡಿದೆ. ಕೀಲಿಮಣೆಯ ಒಂದು ಕೀಲಿಯೂ ಸಡಿಲವಾಗಿರಲಿಲ್ಲ, ಪರದೆಯಲ್ಲಿ ಒಂದು ಗೀರಿರಲಿಲ್ಲ, ಕೀಲುಗಳು ಗಟ್ಟಿಯಾಗಿದ್ದವು. ಬ್ಯಾಟರಿ ಮಾತ್ರ ಕಾಲು ಗಂಟೆಗಿಂತ ಹೆಚ್ಚು ತಡೆಯುತ್ತಿರಲಿಲ್ಲ. ಒಳಗಿದ್ದದ್ದು 4 ಜಿಬಿ ರ‍್ಯಾಮ್ ಮತ್ತು ನಿಮಿಷಕ್ಕೆ 5400 ಸುತ್ತು ತಿರುಗುವ 500 ಜಿಬಿ ಹಾರ್ಡ್ ಡಿಸ್ಕ್. ಇಂತಹ ಯಂತ್ರಗಳಲ್ಲಿ ಪ್ರೊಸೆಸರ್ ಕೆಲಸವಿಲ್ಲದೆ ಕಾಯುತ್ತಿರುತ್ತದೆ, ಡಿಸ್ಕಿನ ಮುಳ್ಳು ತಟ್ಟೆಯ ಮೇಲೆ ಅತ್ತಿತ್ತ ಓಡಾಡಿ ಚೂರು ಚೂರು ಮಾಹಿತಿ ಹೆಕ್ಕಿ ತರುವುದರಲ್ಲೇ ಹೊತ್ತು ಕಳೆಯುತ್ತದೆ. ಆದ್ದರಿಂದ ಹಳೆಯ ಲ್ಯಾಪ್‌ಟಾಪಿಗೆ ಯಾವ ಆಪರೇಟಿಂಗ್ ಸಿಸ್ಟಮ್ ಹಾಕಬೇಕೆಂದು ಯಾರು ಕೇಳಿದರೂ, ಮೊದಲು ಎಸ್‌ಎಸ್‌ಡಿ, ಅಂದರೆ ತಿರುಗುವ ತಟ್ಟೆಯಿಲ್ಲದ ವೇಗದ ಡಿಸ್ಕ್, ಹಾಕಿಸಿ ಎಂಬುದೇ ನನ್ನ ಉತ್ತರ. ಮುಕ್ತ ತಂತ್ರಾಂಶದ ಬಗ್ಗೆ ನನಗೆಷ್ಟು ಪ್ರೀತಿಯಿದ್ದರೂ ಈ ಮಾತನ್ನು ಮುಚ್ಚಿಡುವುದು ಸರಿಯಲ್ಲ: ಯಂತ್ರದ ವೇಗದಲ್ಲಿ ಕಂಡ ವ್ಯತ್ಯಾಸದ ದೊಡ್ಡ ಪಾಲು ಎಸ್‌ಎಸ್‌ಡಿಗೆ ಸೇರಬೇಕು.

ಮೆಟ್ರೋ ಹಿಡಿದು ಚಿಕ್ಕಪೇಟೆಯಲ್ಲಿ ಇಳಿದು ಎಸ್‌ಪಿ ರಸ್ತೆಗೆ ಹೋದೆ. ಸದರ್ ಪತ್ರಪ್ಪ ರಸ್ತೆ ಎಂಬ ಅದರ ಪೂರ್ತಿ ಹೆಸರು ಅಲ್ಲಿಗೆ ಹೋಗಿ ಬರುವ ಬಹಳ ಜನರಿಗೆ ಗೊತ್ತಿರಲಾರದು, ಆದರೆ ಬೆಂಗಳೂರಿನಲ್ಲಿ ಕಂಪ್ಯೂಟರಿನ ಬಿಡಿಭಾಗ ಎಂದರೆ ಎಲ್ಲರ ಕಾಲೂ ಆ ಕಡೆಗೇ ನಡೆಯುತ್ತದೆ. ಮೊದಲ ಅಂಗಡಿಯವರು ಲ್ಯಾಪ್‌ಟಾಪಿನ ವಯಸ್ಸು ಕೇಳಿದವರೇ ಎಕ್ಸ್‌ಚೇಂಜಿಗೆ ಹಾಕಿಬಿಡಿ ಎಂದರು. ಎರಡನೆಯ ಅಂಗಡಿಯ ಹಿರಿಯರು ಏನೂ ಹೇಳದೆ ಕೈ ಚಾಚಿದರು. ನಾನು ಬಿಚ್ಚಿ ತಂದಿದ್ದ ಹಳೆಯ ರ‍್ಯಾಮಿನ ತುಂಡನ್ನು ಅವರ ಅಂಗೈ ಮೇಲಿಟ್ಟೆ. ಅವರು ಕನ್ನಡಕವನ್ನು ಹಣೆಗೇರಿಸಿ, ಚೀಟಿಯನ್ನು ಕಣ್ಣಿನ ಹತ್ತಿರ ಹಿಡಿದು, "ಪಿಸಿ3ಎಲ್. ಎಲ್ ಇದೆ ನೋಡಿ. ಇದು 1.35 ವೋಲ್ಟಿನದು, ಅದನ್ನೇ ಹಾಕಿ" ಎಂದು ಒಳಗಿನ ಡಬ್ಬಿಯೊಂದರಿಂದ ಅದೇ ಜಾತಿಯ 4 ಜಿಬಿ ತುಂಡೊಂದನ್ನು ಹುಡುಕಿ ಕೊಟ್ಟರು. ಅಲ್ಲಿಯೇ 256 ಜಿಬಿಯ ಎಸ್‌ಎಸ್‌ಡಿಯನ್ನೂ ಕೊಂಡೆ. ಬಳಸಿದ ವಸ್ತುವನ್ನು ಹೀಗೆ ಅಂಗೈಯಲ್ಲಿಟ್ಟುಕೊಂಡು ಓದುವ ಮಂದಿ ಈ ಊರಿನಲ್ಲಿ ಇನ್ನೂ ಇದ್ದಾರೆಂಬುದು ನನಗೆ ಬಹಳ ಸಮಾಧಾನದ ಸಂಗತಿ.

ವಿಂಡೋಸಿನ ಬದಲಿಗೆ ಲಿನಕ್ಸ್ ಎಂಬ ಮುಕ್ತ ಆಪರೇಟಿಂಗ್ ಸಿಸ್ಟಮ್ ಹಾಕುವುದೆಂದು ನಿಶ್ಚಯಿಸಿದ್ದೆ. ಅದರ ಹಲವು ರೂಪಗಳಲ್ಲಿ ಯಾವುದನ್ನು ಹಾಕುವುದೆಂಬುದರ ಬಗ್ಗೆ ನಾನು ಹೆಚ್ಚು ತಲೆ ಕೆಡಿಸಿಕೊಳ್ಳಲಿಲ್ಲ. ಲಿನಕ್ಸ್ ಮಿಂಟ್ 22ರ ಎಕ್ಸ್‌ಎಫ್‌ಸಿಇ ಆವೃತ್ತಿಯನ್ನು ಆರಿಸಿಕೊಂಡೆ. ಅದು ಉಬುಂಟು ಎಂಬ ಇನ್ನೊಂದು ಲಿನಕ್ಸಿನ 24.04 ಆವೃತ್ತಿಯ ಮೇಲೆ ಕಟ್ಟಿದ್ದು, 2029ರವರೆಗೆ ಭದ್ರತಾ ಅಪ್‌ಡೇಟುಗಳು ಬರುತ್ತವೆ. ಎಕ್ಸ್‌ಎಫ್‌ಸಿಇ ಎಂಬ ಡೆಸ್ಕ್‌ಟಾಪ್ ಹಗುರವಾದದ್ದು, ಕೆಳಗಿನ ಪಟ್ಟಿ, ಮೂಲೆಯ ಮೆನು ಎಲ್ಲವೂ ಅತ್ತೆಗೆ ರೂಢಿಯಿದ್ದ ಜಾಗಗಳಲ್ಲೇ ಇರುತ್ತವೆ. ಎಪ್ಪತ್ತು ದಾಟಿದವರಿಗೆ ಹೊಸ ವ್ಯವಸ್ಥೆಯೊಂದನ್ನು ಕೊಡುವಾಗ ಸೊಗಸಿಗಿಂತ ಈ ಪರಿಚಯದ ಗುರುತುಗಳು ಮುಖ್ಯವೆಂದು ನನ್ನ ಅನಿಸಿಕೆ. ನಾನು ವಿದ್ಯಾರ್ಥಿಯಾಗಿದ್ದಾಗ ಉಬುಂಟುವಿನ ಸಿಡಿಗಳು ಕೇಳಿದವರ ಮನೆಗೆ ಅಂಚೆಯಲ್ಲಿ ಉಚಿತವಾಗಿ ಬರುತ್ತಿದ್ದವು. 2011ರಲ್ಲಿ ಆ ಏರ್ಪಾಟು ನಿಂತಿತು. ಎಲ್ಲಿಯೋ ದೂರದವರು, ನನ್ನ ಗುರುತಿಲ್ಲದವರು, ಒಂದು ಪೈಸೆ ಕೇಳದೆ ಇದನ್ನು ಕಳಿಸಿದ್ದಾರಲ್ಲ ಎಂದು ಆ ಲಕೋಟೆ ಹಿಡಿದು ನಿಂತ ಮಧ್ಯಾಹ್ನ ನನಗೆ ಚೆನ್ನಾಗಿ ನೆನಪಿದೆ. ನಾನು ಇಂದಿಗೂ ಈ ದಾರಿಯಲ್ಲಿರುವುದಕ್ಕೆ ಆ ಲಕೋಟೆಯೇ ಕಾರಣವಿರಬಹುದು.

ಹಳೆಯ ಡಿಸ್ಕಿನಲ್ಲಿದ್ದುದನ್ನೆಲ್ಲ ಎರಡು ಕಡೆ ನಕಲು ಮಾಡಿದೆ, ಒಂದು ನನ್ನ ಎಕ್ಸ್‌ಟರ್ನಲ್ ಡಿಸ್ಕಿಗೆ, ಇನ್ನೊಂದು ಅತ್ತೆಯ ಬೀರುವಿನಲ್ಲಿಡುವ ಪೆನ್‌ಡ್ರೈವಿಗೆ. ಹಳೆಯ ಡಿಸ್ಕನ್ನು ಅಳಿಸದೆ ಹಾಗೆಯೇ ಕಾಗದದಲ್ಲಿ ಸುತ್ತಿ ಇಟ್ಟೆವು. ಹೊಸದಾಗಿ ಮಾಡುವವರಿಗೆ ನಾನು ಒತ್ತಿ ಹೇಳುವುದು ಇದನ್ನೇ. ಡಿಸ್ಕ್ ಬದಲಾಯಿಸಿ ಇನ್‌ಸ್ಟಾಲ್ ಮಾಡಿದರೆ ಹಿಂದಿರುಗುವ ದಾರಿ ತೆರೆದೇ ಇರುತ್ತದೆ, ಮನಸ್ಸೂ ನಿರಾಳವಾಗಿರುತ್ತದೆ. ಮಿಂಟ್ ಪೂರ್ತಿ ಅಡಗಿರುವ ಸುಮಾರು 3 ಜಿಬಿಯ ಐಎಸ್‌ಒ ಕಡತವನ್ನು ಇಳಿಸಿಕೊಂಡ ಮೇಲೆ ಅದರ ಬೆರಳಗುರುತಿನಂತಿರುವ ಶಾ-256 ಮೊತ್ತವನ್ನು ತಾಳೆ ನೋಡುವುದನ್ನು ಬಹಳ ಜನ ಬಿಟ್ಟುಬಿಡುತ್ತಾರೆ. ಅದು 64 ಅಕ್ಷರ-ಅಂಕಿಗಳ ಒಂದು ಸಾಲು. ಇಳಿಸುವಾಗ ಕಡತದಲ್ಲಿ ಒಂದು ಬಿಟ್ ಕೆಟ್ಟರೂ ಆ ಸಾಲು ಪೂರ್ತಿ ಬೇರೆಯಾಗುತ್ತದೆ. ಅತ್ತೆ ಪಕ್ಕದಲ್ಲಿ ಕುಳಿತು ಅದನ್ನು ಕರಡು ತಿದ್ದುವವರಂತೆ ನಾಲ್ಕು ನಾಲ್ಕು ಅಕ್ಷರ ಓದಿದರು, ನಾನು ಸರಿ ಸರಿ ಎನ್ನುತ್ತಾ ಹೋದೆ.

ಪೆನ್‌ಡ್ರೈವಿನಿಂದ ಲೈವ್ ಆಗಿ, ಅಂದರೆ ಡಿಸ್ಕಿಗೆ ಏನನ್ನೂ ಹಾಕದೆಯೇ, ಬೂಟ್ ಮಾಡಿದಾಗ ಪರದೆ, ಧ್ವನಿ, ಟಚ್‌ಪ್ಯಾಡ್ ಎಲ್ಲವೂ ತಾವಾಗಿಯೇ ಬಂದವು, ವೈಫೈ ಪಟ್ಟಿ ಮಾತ್ರ ಖಾಲಿಯಿತ್ತು. ಕೆಲವು ವೈಫೈ ಚಿಪ್‌ಗಳಿಗೆ ತಯಾರಕರು ಮೂಲಸಂಕೇತ (ಸೋರ್ಸ್ ಕೋಡ್) ಬಿಟ್ಟುಕೊಡದ ಡ್ರೈವರೇ, ಅಂದರೆ ಆ ಚಿಪ್ಪನ್ನು ನಡೆಸುವ ತಂತ್ರಾಂಶವೇ, ಬೇಕಾಗುತ್ತದೆ, ಆ ಡ್ರೈವರ್ ಇಳಿಸಿಕೊಳ್ಳಲು ಇಂಟರ್ನೆಟ್ ಬೇಕಾಗುತ್ತದೆ. ಫೋನನ್ನು ಯುಎಸ್‌ಬಿ ತಂತಿಯಲ್ಲಿ ಜೋಡಿಸಿ ಟೆದರಿಂಗ್ ಹಚ್ಚಿದರೆ ಈ ಗಂಟು ಬಿಚ್ಚಿಕೊಳ್ಳುತ್ತದೆ. ಸಹಿಯಿರುವ ತಂತ್ರಾಂಶವನ್ನಷ್ಟೇ ಒಳಬಿಡುವ ಸೆಕ್ಯೂರ್ ಬೂಟ್ ಎಂಬ ಕಾವಲು ಇದ್ದರೆ ಇಂತಹ ಹೊರಗಿನ ಡ್ರೈವರುಗಳು ಸಹಿಯಿಲ್ಲದ ಕಾರಣಕ್ಕೆ ಮೇಲೇಳದಿರಬಹುದು. ನಮ್ಮಲ್ಲಿ ಹಾಗೆಯೇ ಆಯಿತು, ಯಂತ್ರದ ಮೂಲ ಸೆಟ್ಟಿಂಗುಗಳಿರುವ ಬಯೋಸಿಗೆ ಹೋಗಿ ಆ ಕಾವಲನ್ನು ನಿಲ್ಲಿಸಬೇಕಾಯಿತು. ಇನ್‌ಸ್ಟಾಲ್ ಬಗ್ಗೆ ಹೇಳುವಂಥದ್ದು ಹೆಚ್ಚೇನೂ ಇಲ್ಲ. ಭಾಷೆ, ಸಮಯ, ಹೆಸರು, ಗುಪ್ತಪದ ಕೇಳಿತು. ನಡುವೆ ಮಳೆ ಬಂದು ಕರೆಂಟ್ ಹೋಯಿತು, ಆ ಕಾಲು ಗಂಟೆಯ ಬ್ಯಾಟರಿಯಲ್ಲೇ ಕೆಲಸ ಮುಗಿಯಿತು. ಮರುಬೂಟ್ ಮಾಡಿದಾಗ ಅತ್ತೆ ಅಭ್ಯಾಸದಂತೆ ಅಡುಗೆಮನೆಗೆ ಎದ್ದು ಹೋಗಿದ್ದರು. ಅವರು ಹಾಲಿನ ಪಾತ್ರೆ ಒಲೆಯ ಮೇಲಿಡುವ ಮೊದಲೇ ಪರದೆ ಸಿದ್ಧವಾಗಿತ್ತು.

ಅತ್ತೆ ಬಂದು ಕುಳಿತು ಲಿಬ್ರೆ ಆಫೀಸ್ ಎಂಬ ಬರವಣಿಗೆಯ ತಂತ್ರಾಂಶದಲ್ಲಿ ಹೊಸ ಪುಟ ತೆರೆದರು. ಬೆರಳುಗಳು ಕೀಲಿಮಣೆಯ ಮೇಲೆ ಓಡಿದವು. ಪುಟದಲ್ಲಿ ಇಂಗ್ಲಿಷಿನ ಐದು ಅಕ್ಷರಗಳು ಮೂಡಿದವು: ಕೆ, ಎನ್, ಎಫ್, ಎನ್, ಡಬ್ಲ್ಯು. ಅವರು ನನ್ನ ಮುಖ ನೋಡಿದರು. "ಕನ್ನಡ ಅಂತ ಹೊಡೆದೆ ಕಣೋ" ಎಂದರು.

ಅತ್ತೆ ಕಲಿತದ್ದು ನುಡಿ ಎಂಬ ಕನ್ನಡ ಟೈಪಿಂಗ್ ತಂತ್ರಾಂಶದ ಕೀಲಿಮಣೆ. ಕೆ.ಪಿ. ರಾವ್ ಅವರ ವಿನ್ಯಾಸವನ್ನು ಆಧರಿಸಿ ಕನ್ನಡ ಗಣಕ ಪರಿಷತ್ತು ರೂಪಿಸಿದ್ದು ಅದು. ಈ ವಿನ್ಯಾಸದಲ್ಲಿ ಕೆ ಎಂದರೆ ಅಕಾರ ಸೇರಿದ ಕ, ಎನ್ ಎಂದರೆ ನ, ಡಬ್ಲ್ಯು ಎಂದರೆ ಡ. ಎಡಗೈಯ ತೋರುಬೆರಳು ಸದಾ ಕುಳಿತಿರುವ ಎಫ್ ಕೀಲಿಯೇ ಒತ್ತಕ್ಷರದ ಕೊಂಡಿ. ನ, ಎಫ್, ನ ಎಂದು ಒತ್ತಿದರೆ ನ್ನ ಆಗುತ್ತದೆ. ಇಂಗ್ಲಿಷ್ ಕಾಗುಣಿತದಲ್ಲಿ ಬರೆಯುವ ಲಿಪ್ಯಂತರ ವಿಧಾನದಲ್ಲಿ ಕನ್ನಡ ಎಂಬ ಪದಕ್ಕೆ ಏಳು ಕೀಲಿ ಬೇಕು, ಇಲ್ಲಿ ಐದು ಸಾಕು. ಅದಕ್ಕಿಂತ ಮಿಗಿಲಾಗಿ, ಈ ವಿನ್ಯಾಸ ಕನ್ನಡದ ಅಕ್ಷರವನ್ನು ಕನ್ನಡದ ರೀತಿಯಲ್ಲೇ ಯೋಚಿಸುತ್ತದೆ: ವ್ಯಂಜನ ಮೊದಲು, ಅದಕ್ಕೆ ಸ್ವರ ಅಂಟಿದರೆ ಕಾಗುಣಿತ, ಇನ್ನೊಂದು ವ್ಯಂಜನ ಅಂಟಿದರೆ ಒತ್ತು. ಮೂವತ್ತು ವರ್ಷ ಕಾಗುಣಿತ ಕಲಿಸಿದ ಅಧ್ಯಾಪಕಿಗೆ ಅದು ಸಹಜವಾಗಿ ಒಗ್ಗಿದ್ದರಲ್ಲಿ ಆಶ್ಚರ್ಯವಿಲ್ಲ. ಬೇರೊಂದು ವಿಧಾನ ಕಲಿಯಿರಿ ಎಂದು ನಾನು ಅವರಿಗೆ ಹೇಳಿದ್ದರೆ, ಹನ್ನೆರಡು ವರ್ಷ ಆ ಬೆರಳುಗಳಲ್ಲಿ ಕೂಡಿಬಂದದ್ದನ್ನು ಕಿತ್ತುಕೊಂಡಂತಾಗುತ್ತಿತ್ತು. ಲ್ಯಾಪ್‌ಟಾಪ್ ಎಷ್ಟೇ ವೇಗವಾಗಿ ತೆರೆದುಕೊಂಡರೂ ಪುಸ್ತಕ ಅಲ್ಲಿಗೆ ನಿಲ್ಲುತ್ತಿತ್ತು.

ಲಿನಕ್ಸಿನಲ್ಲಿ ಬೇರೆ ಬೇರೆ ಭಾಷೆ ಟೈಪ್ ಮಾಡಲು ನೆರವಾಗುವ ಐಬಸ್ ಮತ್ತು ಅದರ ಎಂ17ಎನ್ ಪ್ಯಾಕೇಜನ್ನು ಹಾಕಿ, ಒಮ್ಮೆ ಲಾಗ್‌ಔಟ್ ಆಗಿ ಬಂದು, ಭಾಷೆಗಳ ಪಟ್ಟಿಯಲ್ಲಿ ಕನ್ನಡವನ್ನು ತೆರೆದೆ. ಇನ್‌ಸ್ಕ್ರಿಪ್ಟ್ ಎಂಬ ಕೀಲಿಮಣೆ ವಿನ್ಯಾಸವಿತ್ತು, ಐಟ್ರಾನ್ಸ್ ಎಂಬ ಲಿಪ್ಯಂತರ ವಿಧಾನವಿತ್ತು. ಅವುಗಳ ಜೊತೆಗೆ ಕೆಜಿಪಿ ಎಂಬ ಮೂರು ಅಕ್ಷರಗಳಿದ್ದವು. ಕನ್ನಡ ಗಣಕ ಪರಿಷತ್ತು ಎಂಬುದರ ಮೊದಲಕ್ಷರಗಳು. ಅದನ್ನು ಆರಿಸಿಕೊಟ್ಟೆ. ಅತ್ತೆ ಮತ್ತೆ ಅದೇ ಐದು ಕೀಲಿ ಒತ್ತಿದರು. ಕನ್ನಡ ಎಂದು ಬಂತು. ಅವರು ಅದನ್ನು ಅಳಿಸಿ ಇನ್ನೊಮ್ಮೆ ಒತ್ತಿದರು, ಮತ್ತೆ ಬಂತು.

ಆ ಹೊತ್ತಿನಲ್ಲಿ ನನಗನ್ನಿಸಿದ್ದನ್ನು ಹೇಳಿಬಿಡಬೇಕು. ಹೆಲ್ಸಿಂಕಿಯ 21 ವರ್ಷದ ವಿದ್ಯಾರ್ಥಿ ಲೀನಸ್ ಟೋರ್ವಾಲ್ಡ್ಸ್ ತಾನೊಂದು ಆಪರೇಟಿಂಗ್ ಸಿಸ್ಟಮ್ (ಮುಂದೆ ಅದೇ ಲಿನಕ್ಸ್ ಆಯಿತು) ಬರೆಯುತ್ತಿದ್ದೇನೆಂದು ತಿಳಿಸಿದ್ದು 1991ರ ಆಗಸ್ಟ್ 25ರಂದು. ಜಗತ್ತಿನ ಲಿಪಿಗಳ ಒಂದೊಂದು ಅಕ್ಷರಕ್ಕೂ ಅದರದೇ ಸಂಕೇತ ಕೊಡುವ, ಕನ್ನಡ ಲಿಪಿಯನ್ನೂ ಒಳಗೊಂಡ ಯೂನಿಕೋಡಿನ ಮೊದಲ ಆವೃತ್ತಿ ಹೊರಬಂದದ್ದು ಅದೇ ವರ್ಷದ ಅಕ್ಟೋಬರಿನಲ್ಲಿ. ಮರುವರ್ಷ ಲಿನಕ್ಸ್ ಜಿಪಿಎಲ್ ಪರವಾನಗಿಗೆ ಬಂತು. ಯಾರು ಬೇಕಾದರೂ ಬಳಸಬಹುದು, ತಿದ್ದಬಹುದು, ತಿದ್ದಿದ್ದನ್ನು ಹಂಚುವಾಗ ಅದೇ ಸ್ವಾತಂತ್ರ್ಯವನ್ನು ಮುಂದಿನವರಿಗೂ ಕೊಡಬೇಕು ಎಂಬುದು ಅದರ ತಿರುಳು. ಅಂದಿನಿಂದ ಇಂದಿನವರೆಗಿನ ಯಾವುದೋ ಒಂದು ದಿನ, ಕನ್ನಡ ಬಲ್ಲ ಯಾರೋ ಕುಳಿತು, ಯಾವ ಕೀಲಿಗೆ ಯಾವ ಅಕ್ಷರ ಎಂಬ ಈ ಪಟ್ಟಿಯನ್ನು ಬರೆದು ಮುಕ್ತ ತಂತ್ರಾಂಶದ ಭಂಡಾರಕ್ಕೆ ಸೇರಿಸಿದ್ದಾರೆ. ಅದೊಂದು ಚಿಕ್ಕ ಪಠ್ಯ ಕಡತ. ತೆರೆದರೆ ಯಾರು ಬೇಕಾದರೂ ಓದಬಹುದು. ನಾನು ತೆರೆದು ಅತ್ತೆಗೆ ತೋರಿಸಿದೆ. ಸಾಲು ಸಾಲಾಗಿ ಕ ಖ ಗ ಘ ನೋಡಿ ಅವರು, "ಮಗ್ಗಿ ಪುಸ್ತಕದ ಹಾಗಿದೆ" ಎಂದರು.

ಬೆರಳುಗಳ ಪ್ರಶ್ನೆ ಬಗೆಹರಿದ ಮೇಲೆ ಕಡತಗಳ ಪ್ರಶ್ನೆ ಎದುರಾಯಿತು, ಮತ್ತು ಅದು ಇನ್ನೂ ಕಠಿಣವಾಗಿತ್ತು. ಅತ್ತೆ ಬಳಸುತ್ತಿದ್ದುದು ನುಡಿಯ ಹಳೆಯ ಆವೃತ್ತಿ, ಅದರ ಆಸ್ಕಿ ಫಾಂಟು. ಆ ಪದ್ಧತಿಯಲ್ಲಿ ಕಡತದೊಳಗೆ ಕನ್ನಡ ಅಕ್ಷರಗಳಿರುವುದಿಲ್ಲ, ರೋಮನ್ ಲಿಪಿಗೆ ಮೀಸಲಾದ ಸಂಕೇತಗಳ ಮೇಲೆ ಕನ್ನಡದ ಚಿತ್ರಗಳನ್ನು ಹೊದಿಸಿರುತ್ತಾರೆ. ಫಾಂಟು ಇಲ್ಲದ ಕಡೆ ತೆರೆದಾಗ ಹೊದಿಕೆ ಜಾರಿಬಿಡುತ್ತದೆ. ಕ ಇರಬೇಕಾದಲ್ಲಿ ಇಂಗ್ಲಿಷಿನ ಪಿ, ನ ಇರಬೇಕಾದಲ್ಲಿ ಪೌಂಡಿನ ಚಿಹ್ನೆ, ಎಷ್ಟೋ ಅಕ್ಷರಗಳ ಪಕ್ಕದಲ್ಲಿ ತಲೆಯ ಮೇಲೆ ಗೀರು ಹೊತ್ತ ಎ. ಅಜ್ಜಿಯ ಬೀಸುವ ಪದಗಳು ಪರದೆಯ ಮೇಲೆ ಹಾಗೆ ಕಂಡಾಗ ಅತ್ತೆಯ ಮುಖ ಬಿಳಿಚಿಕೊಂಡಿತು. ನನಗೆ ಇದು ಮೊದಲೇ ಗೊತ್ತಿತ್ತು, ಅವರಿಗೆ ಮುಂಚಿತವಾಗಿ ಹೇಳಿರಲಿಲ್ಲ. ಹೇಳಬೇಕಿತ್ತು.

ಹಳೆಯ ಫಾಂಟಿನ ಕಡತವನ್ನೇ ಹೊಸ ವ್ಯವಸ್ಥೆಗೆ ನಕಲು ಮಾಡಿದರೆ ಕಣ್ಣಿಗೆ ಮತ್ತೆ ಕನ್ನಡವೇ ಕಾಣುತ್ತದೆ, ಮೊದಲು ಹಾಗೆ ಮಾಡಿ ಅವರನ್ನು ಸಮಾಧಾನಪಡಿಸಿದೆ. ಆದರೆ ಅಲ್ಲಿಗೆ ನಿಲ್ಲಲು ಇಬ್ಬರಿಗೂ ಮನಸ್ಸಾಗಲಿಲ್ಲ. ಹಾಡುಗಳ ಸಂಗ್ರಹಕ್ಕೆ ಕೊನೆಯಲ್ಲಿ ಮೊದಲ ಸಾಲುಗಳ ಅಕಾರಾದಿ ಇರಬೇಕು. ಆಸ್ಕಿ ಕಡತವನ್ನು ಯಂತ್ರ ವಿಂಗಡಿಸಿದರೆ ಅದು ಪಿ, ಕ್ಯು, ಪೌಂಡಿನ ಚಿಹ್ನೆಗಳ ಕ್ರಮ ಹಿಡಿಯುತ್ತದೆಯೇ ವಿನಾ ಅ ಆ ಇ ಈ ಹಿಡಿಯುವುದಿಲ್ಲ. ಅತ್ತೆ ಆ ಕೆಲಸವನ್ನು ರಟ್ಟಿನ ಚೀಟಿಗಳ ಮೇಲೆ ಬರೆದು, ಒಂದು ಸಿಹಿತಿಂಡಿಯ ಡಬ್ಬಿಯಲ್ಲಿ ಜೋಡಿಸಿಕೊಂಡು ಬಂದಿದ್ದರು. ಕಡತಗಳನ್ನೆಲ್ಲ ಯೂನಿಕೋಡಿಗೆ ಪರಿವರ್ತಿಸಲು ತೀರ್ಮಾನಿಸಿದೆವು.

ಪರಿವರ್ತನೆ ಒಂದು ಗುಂಡಿಯ ಕೆಲಸವೆಂದು ತೋರುತ್ತದೆ, ಹಾಗಿಲ್ಲ. ಆಸ್ಕಿ ಕಡತದಲ್ಲಿ ಅಕ್ಷರಗಳು ಕಣ್ಣಿಗೆ ಕಾಣುವ ಕ್ರಮದಲ್ಲಿ ಕುಳಿತಿರುತ್ತವೆ, ಯೂನಿಕೋಡಿನಲ್ಲಿ ಉಚ್ಚಾರದ ಕ್ರಮದಲ್ಲಿ. ಧರ್ಮ ಎಂಬಲ್ಲಿ ಅರ್ಕಾವೊತ್ತು ಬರಹದಲ್ಲಿ ಮ ಆದ ಮೇಲೆ ಬರುತ್ತದೆ, ನಾಲಿಗೆಯಲ್ಲಿ ಮೊದಲು ಬರುತ್ತದೆ. ಪರಿವರ್ತಕ ಅದನ್ನು ಹಿಂದಕ್ಕೆ ಎತ್ತಿಡಬೇಕು, ಜೊತೆಗೆ ಬೇರೆ ಒತ್ತು, ದೀರ್ಘ ಇದ್ದರೆ ಅವುಗಳನ್ನೂ ಸರಿಯಾದ ಜಾಗಕ್ಕೆ ತರಬೇಕು. ಬಹುತೇಕ ಸರಿಯಾಗಿಯೇ ಬಂತು. ಆದರೂ ಎರಡು ಮೂರು ಪುಟಕ್ಕೊಂದು ಕಡೆ ಅರ್ಕಾವೊತ್ತು ಅನಾಥವಾಗಿ ನಿಂತಿರುತ್ತಿತ್ತು. ಮೊದಲ ಸಾಲುಗಳನ್ನು ಪಟ್ಟಿ ಮಾಡಿ ವಿಂಗಡಿಸಿದಾಗ ಮಾತ್ರ ಅತ್ತೆ ನಿಜವಾಗಿ ಹಿಗ್ಗಿದರು. ಅನುಸ್ವಾರವಿರುವ ಕೆಲವು ಸಾಲುಗಳನ್ನು ತಮ್ಮ ಕ್ರಮಕ್ಕೆ ಕೈಯಿಂದಲೇ ತಂದರು, ಉಳಿದದ್ದು ಕ್ಷಣದಲ್ಲಿ ಮುಗಿಯಿತು. ಫಾಂಟು ತೆಳುವಾಯಿತೆಂದು ಆಕ್ಷೇಪಿಸಿದ್ದರಿಂದ ಗುಬ್ಬಿ, ನವಿಲು ಎಂಬ ಎರಡು ಮುಕ್ತ ಫಾಂಟುಗಳನ್ನೂ ಹಾಕಿಕೊಟ್ಟೆ. ಗುಬ್ಬಿ ಅವರಿಗೆ ಹಿಡಿಸಿತು.

ಇನ್ನೊಂದು ತೊಡಕು ಉಳಿದಿತ್ತು. ಪುಸ್ತಕ ಅಚ್ಚು ಹಾಕಿಸಲು ವಿಚಾರಿಸಿದ ಮುದ್ರಣಾಲಯವೊಂದು ತಮಗೆ ಆಸ್ಕಿಯಲ್ಲೇ ಬೇಕು, ಪೇಜ್‌ಮೇಕರಿನಲ್ಲಿ ಪುಟ ಕಟ್ಟುತ್ತೇವೆ ಎಂದಿತು. ನಾಡಿನ ಎಷ್ಟೋ ಪುಸ್ತಕಗಳು ಇಂದಿಗೂ ಹೀಗೆಯೇ ಅಚ್ಚಾಗುತ್ತವೆ, ಅಚ್ಚಾದ ಮೇಲೆ ಅವುಗಳ ಕಡತಗಳು ಹುಡುಕಲಾಗದ, ವಿಂಗಡಿಸಲಾಗದ ಸ್ಥಿತಿಯಲ್ಲಿ ಎಲ್ಲೋ ಉಳಿದುಬಿಡುತ್ತವೆ ಎಂಬುದು ನನಗೆ ನಿಜವಾದ ನೋವು. ಅತ್ತೆ ಯೂನಿಕೋಡ್ ಪ್ರತಿಯನ್ನು ಮೂಲವೆಂದು ಇಟ್ಟುಕೊಂಡು, ಕೊನೆಯಲ್ಲಿ ಬೇಕಿದ್ದರೆ ಆಸ್ಕಿಗೆ ತಿರುಗಿಸಿ ಕೊಡುವುದೆಂದು ಒಪ್ಪಿದ್ದಾರೆ.

ಲಿನಕ್ಸ್ ಎಲ್ಲರಿಗೂ ಒಗ್ಗುತ್ತದೆಂದು ನಾನು ಹೇಳಲಾರೆ. ಪೇಜ್‌ಮೇಕರಿನಲ್ಲೇ ದುಡಿಯುವವರಿಗೆ, ವಿಂಡೋಸ್ ಮಾತ್ರ ಬಲ್ಲ ಸಾಧನಗಳನ್ನು ನಂಬಿಕೊಂಡವರಿಗೆ ಇದು ಕಷ್ಟ. ಯಂತ್ರ ಇನ್ನೂ ಹಳೆಯದಾಗಿ, 32 ಬಿಟ್‌ನದಾಗಿದ್ದರೆ ಆಯ್ಕೆಗಳು ಕಿರಿದಾಗುತ್ತಿವೆ. 2025ರ ಆಗಸ್ಟಿನಲ್ಲಿ ಬಂದ ಡೆಬಿಯನ್ ಎಂಬ ಲಿನಕ್ಸಿನ 13ನೇ ಆವೃತ್ತಿ ಕೂಡ ಅಂತಹ ಪಿಸಿಗಳಿಗೆ ಇನ್‌ಸ್ಟಾಲರ್ ಕೊಡುವುದನ್ನು ನಿಲ್ಲಿಸಿದೆ. ಆದರೆ ಕಳೆದ ಹನ್ನೆರಡು ಹದಿಮೂರು ವರ್ಷಗಳಲ್ಲಿ ಕೊಂಡು, ಬರೆಯಲು, ಓದಲು, ಮಿಂಚಂಚೆಗೆ ಬಳಸುತ್ತಿರುವ ಲ್ಯಾಪ್‌ಟಾಪ್ ನಿಮ್ಮ ಮನೆಯಲ್ಲಿದ್ದರೆ ದಯವಿಟ್ಟು ಗುಜರಿಗೆ ಹಾಕುವ ಮುನ್ನ ಒಮ್ಮೆ ಪೆನ್‌ಡ್ರೈವಿನಿಂದ ಬೂಟ್ ಮಾಡಿ ನೋಡಿ. ಅದನ್ನು ಬಳಸುವವರು ಯಾವ ಕೀಲಿಗೆ ಯಾವ ಅಕ್ಷರ ನಿರೀಕ್ಷಿಸುತ್ತಾರೆಂದು ಮೊದಲೇ ಕೇಳಿಕೊಳ್ಳಿ.

ಈಗ ನಾವಿಬ್ಬರೂ ಪರಿವರ್ತಿಸಿದ ಪುಟಗಳ ಕರಡು ನೋಡುತ್ತಿದ್ದೇವೆ. ಪರಿವರ್ತಕ ತಪ್ಪಿದ ಕಡೆಗಳನ್ನು ನಾನು ಮೊದಲು ತಿದ್ದಿ ಕಳಿಸುತ್ತೇನೆ, ಅತ್ತೆ ನೋಟ್‌ಬುಕ್ಕಿನೊಂದಿಗೆ ಹೋಲಿಸಿ ಮುಗಿಸುತ್ತಾರೆ. ಕಳೆದ ಭಾನುವಾರ 118ನೇ ಪುಟದಲ್ಲಿದ್ದರು. "ಇಲ್ಲಿ ಕರ್ಪೂರ ಅಂತ ಮಾಡಿದ್ದೀಯಲ್ಲೋ" ಎಂದರು. ಅರ್ಕಾವೊತ್ತು ಬಿದ್ದುಹೋಗಿತ್ತು ಅತ್ತೆ, ಕಪ್ಪುರ ಅಂತ ಬಂದಿತ್ತು, ನಾನೇ ಸರಿಪಡಿಸಿದೆ ಎಂದೆ. ಅವರು ನೋಟ್‌ಬುಕ್ಕನ್ನು ನನ್ನ ಕಡೆಗೆ ತಿರುಗಿಸಿದರು. 1974ರ ನೀಲಿ ಶಾಯಿಯಲ್ಲಿ ಕಪ್ಪುರ ಎಂದೇ ಇತ್ತು. "ಅಜ್ಜಿ ಹಾಡಿದ್ದು ಹಾಗೇನೇ" ಎಂದು ಹೇಳಿ, ನಾನು ತಿದ್ದಿದ್ದನ್ನು ಅಳಿಸಿ, ಕೆ, ಪಿ, ಎಫ್, ಪಿ, ಯು, ಆರ್ ಎಂದು ಒಂದೊಂದೇ ಕೀಲಿ ಒತ್ತಿ ಮುಂದಿನ ಸಾಲಿಗೆ ಹೋದರು.